ಕರೆಂಟ್ ಇಲ್ಲವೆಂಬ ಜ್ಞಾನ: ಏಣಿ ಹಿಡಿಯುವವನಿಗೊಂದು ಪ್ರಮಾಣಶಾಸ್ತ್ರ

ಎರಡು ವರ್ಷ ಐಟಿಐಯಲ್ಲಿ ಓಮ್‌ನ ನಿಯಮ, ಸ್ಟಾರ್-ಡೆಲ್ಟಾ ಸ್ಟಾರ್ಟರ್, ಮೋಟಾರ್ ವೈಂಡಿಂಗ್ ಎಲ್ಲ ಕಲಿತು, ಎಲೆಕ್ಟ್ರಿಷಿಯನ್ ಟ್ರೇಡಿನ ಸರ್ಟಿಫಿಕೇಟ್ ಹಿಡಿದು ಬಂದ ಹುಡುಗನ ಕೈಗೆ ಲೋಕವು ಮೊದಲು ಕೊಡುವುದು ಏಣಿ. ಅದೂ ಹತ್ತುವುದಕ್ಕಲ್ಲ, ಹಿಡಿದುಕೊಳ್ಳುವುದಕ್ಕೆ. ಮೇಲೆ ಮೇಸ್ತ್ರಿ, ಕೆಳಗೆ ಶಿಷ್ಯ, ಇಬ್ಬರ ನಡುವೆ ಆಗಾಗ ಉದುರುವ ಸ್ಕ್ರೂ ಮತ್ತು ಗಾರೆಪುಡಿ. ಗುರುಶಿಷ್ಯ ಪರಂಪರೆಯ ಮೇಲೆ ಕಪಾಟುಗಟ್ಟಲೆ ಗ್ರಂಥಗಳು ಬಂದಿದ್ದರೂ, ಕಣ್ಣಿಗೆ ಧೂಳು ಬೀಳಿಸಿಕೊಳ್ಳುತ್ತಲೇ ವಿದ್ಯೆ ಪಡೆಯುವ ಈ ಶಾಖೆಯನ್ನು ವಿದ್ವಾಂಸರು ಕಡೆಗಣಿಸಿದ್ದಾರೆ. ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲಿಗೆ ಶಿಷ್ಯನ ಲಕ್ಷಣ. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಕಲಮಿನ ಪ್ರಕಾರ ಅಪ್ರೆಂಟಿಸ್ ಎಂಬವನು ತರಬೇತಿ ಪಡೆಯುವವನೇ ಹೊರತು ಕೆಲಸಗಾರನಲ್ಲ. ಬೆಳಗ್ಗೆ ಏಣಿ ಹೊತ್ತು, ಉಳಿ-ಸುತ್ತಿಗೆಯಲ್ಲಿ ಗೋಡೆ ಕೊರೆದು, 90 ಮೀಟರಿನ ವೈರ್ ಕಾಯಿಲ್ ಗಂಟಾಗದಂತೆ ಬಿಚ್ಚಿ, ಪೈಪಿನೊಳಗೆ ಸ್ಪ್ರಿಂಗ್ ತೂರಿಸಿ ವೈರ್ ಎಳೆದು, ನಡುವೆ ಎರಡು ಸಲ ಟೀ ತಂದವನು ಕೆಲಸಗಾರನಲ್ಲ ಎಂಬುದು ಮೇಲ್ನೋಟಕ್ಕೆ ವಿರೋಧಾಭಾಸವಾಗಿ ಕಂಡೀತು. ಆದರೆ ವ್ಯಾವಹಾರಿಕ ಸತ್ಯವೇ ಬೇರೆ, ಪಾರಮಾರ್ಥಿಕ ಸತ್ಯವೇ ಬೇರೆ ಎಂದು ಬಲ್ಲವರಿಗೆ ಇಲ್ಲಿ ತೊಡಕಿಲ್ಲ. 2019ರ ತಿದ್ದುಪಡಿಯು ಓದಿಗೆ ತಕ್ಕಂತೆ ತಿಂಗಳಿಗೆ ಕನಿಷ್ಠ 5,000ದಿಂದ 9,000 ರೂಪಾಯಿ ಸ್ಟೈಪೆಂಡ್ ನಿಗದಿ ಮಾಡಿತು. ಕಾಯ್ದೆಯ ಗೊಡವೆಯೇ ಇಲ್ಲದೆ ನೇರವಾಗಿ ಮನೆ ವೈರಿಂಗಿನ ಮೇಸ್ತ್ರಿಯ ಕೈಕೆಳಗೆ ಸೇರಿದವನಿಗೆ ಶನಿವಾರದ ಬಟವಾಡೆಯೇ ಶಾಸನ.

ಇನ್ನು ಮೂಲಪ್ರಶ್ನೆ. ಈ ವೃತ್ತಿಯಲ್ಲಿ ಗೆಲ್ಲುವುದು ಹೇಗೆ? ವೇಗ, ಕೈಚಳಕ, ಅಚ್ಚುಕಟ್ಟು ಎಂದೆಲ್ಲ ಪೂರ್ವಪಕ್ಷದವರು ಹೇಳಿಯಾರು. ಅವೆಲ್ಲ ಆಮೇಲಿನ ಮಾತು. ‘ಈ ವೈರಿನಲ್ಲಿ ಕರೆಂಟ್ ಇಲ್ಲ’ ಎಂಬ ಜ್ಞಾನವನ್ನು ಯಾವ ಪ್ರಮಾಣದಿಂದ ಪಡೆಯಬೇಕು ಎಂದು ಅರಿತವನು ಮಾತ್ರ ಮುಂದಿನ ಸೋಮವಾರವೂ ಕೆಲಸಕ್ಕೆ ಬರುತ್ತಾನೆ.

ಶಬ್ದಪ್ರಮಾಣವನ್ನೇ ತೆಗೆದುಕೊಳ್ಳಿ. ‘ಮೇನ್ ಆಫ್ ಮಾಡಿದೀನಿ, ಕೈ ಹಾಕೋ’ ಎಂಬುದು ಈ ಶಾಸ್ತ್ರದ ಆಪ್ತವಾಕ್ಯ. ಇದರ ಕಾಲನಿರ್ಣಯ ಸುಲಭ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರಲ್ಲಿ, ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ಹಳೆಯ ಮೈಸೂರು ಸೀಮೆಯ ಮಟ್ಟಿಗೆ ವಾಕ್ಯವನ್ನು ಅದಕ್ಕಿಂತ ಬಹಳ ಹಿಂದಕ್ಕೆ ಒಯ್ಯಲಾಗದು. ಅರ್ಥನಿರ್ಣಯವೇ ಕಷ್ಟ. ಯಾವ ಮೇನು? ಕೆಳಮನೆಯದೋ ಮೇಲ್ಮನೆಯದೋ? ಮೇನ್ ಆಫ್ ಆದರೂ ಯುಪಿಎಸ್ ಲೈನು ಜೀವಂತವಾಗಿರುತ್ತದೆ ಎಂಬುದನ್ನು ವಾಕ್ಯ ಒಳಗೊಂಡಿದೆಯೇ? ಏನೂ ತೊಂದರೆಯಿಲ್ಲವೆಂದೇ ಇಟ್ಟುಕೊಳ್ಳಿ, ಸಂಜೆ ಏಳರ ಧಾರಾವಾಹಿಗೆ ಹೊತ್ತಾಯಿತೆಂದು ಮನೆಯ ಅಜ್ಜಿ ಹೋಗಿ ಅದನ್ನು ಮತ್ತೆ ಆನ್ ಮಾಡಿರುತ್ತಾರೆ. ಆದ್ದರಿಂದಲೇ ಹಳಬರು ಕಿಟ್‌ಕ್ಯಾಟ್ ಫ್ಯೂಸನ್ನು ಕಿತ್ತು ಜೇಬಿಗೆ ಹಾಕಿಕೊಂಡೇ ಏಣಿ ಹತ್ತುತ್ತಿದ್ದರು. ಎಂಸಿಬಿ ಬಂದು ಬಹಳ ಅನುಕೂಲವಾಯಿತು ನಿಜ, ಆದರೆ ಅದನ್ನು ಜೇಬಿಗೆ ಹಾಕಿಕೊಳ್ಳಲು ಬರುವುದಿಲ್ಲ.

ಅನುಮಾನ ಪ್ರಮಾಣಕ್ಕೆ ನೈಯಾಯಿಕರು ಕೊಡುವ ಹೊಗೆ-ಬೆಂಕಿಯ ಉದಾಹರಣೆ ಸ್ವಿಚ್‌ಬೋರ್ಡಿನ ಮುಂದೆ ಅಕ್ಷರಶಃ ಸಲ್ಲುತ್ತದೆ. ಉಳಿದ ಕಡೆ ಹೇತ್ವಾಭಾಸವೇ ಹೆಚ್ಚು. ‘ಬಲ್ಬ್ ಆರಿದೆ, ಆದ್ದರಿಂದ ಹೋಲ್ಡರಿನಲ್ಲಿ ಕರೆಂಟ್ ಇಲ್ಲ.’ ಹಿಂದೆ ವೈರಿಂಗ್ ಮಾಡಿದ ಪುಣ್ಯಾತ್ಮ ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್‌ಗೆ ಕೊಟ್ಟಿದ್ದರೆ ಬಲ್ಬ್ ಆರಿಯೂ ಹೋಲ್ಡರ್ 230 ವೋಲ್ಟ್ ಹೊತ್ತು ಕಾದಿರುತ್ತದೆ. ಇನ್ನೊಂದು: ‘ಹಸಿರು ವೈರ್, ಆದ್ದರಿಂದ ಅರ್ಥಿಂಗ್.’ ಫೇಸಿಗೆ ಕೆಂಪು, ಹಳದಿ, ನೀಲಿ, ನ್ಯೂಟ್ರಲ್‌ಗೆ ಕಪ್ಪು, ಅರ್ಥಿಂಗಿಗೆ ಹಸಿರು ಎಂಬುದು ಐಟಿಐಯ ಮೊದಲ ಪಾಠ. ಆದರೆ ಸಂಜೆ ಕೆಂಪು ಕಾಯಿಲ್ ಮುಗಿದಿತ್ತು, ಅಂಗಡಿ ಮುಚ್ಚಿತ್ತು, ಮರುದಿನವೇ ಗೃಹಪ್ರವೇಶವಿತ್ತು ಎಂಬ ಇತಿಹಾಸ ವೈರಿನ ಮೇಲೆ ಬರೆದಿರುವುದಿಲ್ಲ.

ಉಪಮಾನವೆಂದರೆ ‘ಪಕ್ಕದ ಮನೇಲಿ ಕರೆಂಟ್ ಇದ್ಯಾ ನೋಡು’. ಗೃಹಿಣಿಯರಿಗೆ ಇದು ಸಾಕು. ಪ್ರತ್ಯಕ್ಷ ಪ್ರಮಾಣದ ವಿಶ್ವಾಸಾರ್ಹತೆಯನ್ನು ಯಾರೂ ಶಂಕಿಸಿಲ್ಲ. ಆದರೆ ಅದನ್ನು ಅವಲಂಬಿಸಿದವರ ಪರಂಪರೆ ಬಲು ಗಿಡ್ಡ.

ಉಳಿದದ್ದು ಕುಮಾರಿಲ ಭಟ್ಟನ ಅನುಯಾಯಿಗಳು ಒಪ್ಪುವ ಅನುಪಲಬ್ಧಿ: ಕಾಣದಿರುವುದರಿಂದಲೇ ‘ಇಲ್ಲ’ ಎಂದು ತಿಳಿಯುವುದು. ಟೆಸ್ಟರ್ ಹತ್ತಲಿಲ್ಲ, ಆದ್ದರಿಂದ ಕರೆಂಟ್ ಇಲ್ಲ. ಇಲ್ಲಿ ಎಚ್ಚರ ಬೇಕು. ಆ ಪುಟ್ಟ ಸ್ಕ್ರೂಡ್ರೈವರಿನ ಹೊಟ್ಟೆಯಲ್ಲಿ ಒಂದು ನಿಯಾನ್ ಬಲ್ಬು, ಅದರ ಜೊತೆಗೊಂದು ಭಾರೀ ರೆಸಿಸ್ಟರು ಇರುತ್ತವೆ. ಕರೆಂಟು ಅವನ್ನು ದಾಟಿ, ಹಿಂಬದಿಗೆ ಬೆರಳಿಟ್ಟವನ ಮೈಯ ಮೂಲಕ ನೆಲಕ್ಕೆ ಇಳಿಯುತ್ತದೆ. ಅಂದರೆ ಸಂಶೋಧಕನೇ ಸಂಶೋಧನೆಯ ಒಂದು ತುಂಡು. ಅವನು ಒಣಮರದ ಸ್ಟೂಲಿನ ಮೇಲೆ ರಬ್ಬರ್ ಚಪ್ಪಲಿ ಹಾಕಿ ನಿಂತರೆ ದೀಪ ಮಂಕಾಗಬಹುದು, ಬಿಸಿಲಲ್ಲಿ ಕಾಣದೆಯೂ ಹೋಗಬಹುದು, ಟೆಸ್ಟರೇ ಕೆಟ್ಟಿರಲೂಬಹುದು. ಹೀಗಾಗಿ ಮೊದಲು ಕರೆಂಟ್ ಇರುವುದು ಗೊತ್ತಿರುವ ಪಾಯಿಂಟಿನಲ್ಲಿ ಟೆಸ್ಟರ್ ಇಟ್ಟು ನೋಡಿ, ಆಮೇಲೆ ಸಂದೇಹದ ವೈರಿಗೆ ಇಟ್ಟು, ಮತ್ತೆ ಮೊದಲಿನ ಪಾಯಿಂಟಿನಲ್ಲಿ ಇಟ್ಟು ನೋಡಬೇಕು. ಈ ತ್ರಿಕಾಲಪರೀಕ್ಷೆಗೆ ಒಂದು ನಿಮಿಷವೂ ಬೇಕಿಲ್ಲ. ಮೇಸ್ತ್ರಿ ‘ಏನೋ ಪೂಜೆ ಮಾಡ್ತಿದೀಯ?’ ಎಂದು ಹಂಗಿಸಿದರೆ ‘ಹೂಂ ಅಣ್ಣ’ ಎಂದು ಮುಂದುವರಿಸುವುದು ಶ್ರೇಯಸ್ಕರ.

ಟೆಸ್ಟರ್ ಹತ್ತಿದರೂ ಸಮಸ್ಯೆ ಮುಗಿಯುವುದಿಲ್ಲ. ಪ್ಲಗ್ಗಿನ ಎರಡೂ ತೂತಿನಲ್ಲಿ ದೀಪ ಹತ್ತುತ್ತದೆ, ಮನೆಯಲ್ಲಿ ಮಾತ್ರ ಒಂದೂ ಬಲ್ಬ್ ಉರಿಯುವುದಿಲ್ಲ. ‘ಕರೆಂಟ್ ಡಬಲ್ ಬಂದಿದೆ’ ಎಂದು ಮನೆಯವರು ಹೆದರುತ್ತಾರೆ. ನಿಜಸಂಗತಿ ಎಂದರೆ ನ್ಯೂಟ್ರಲ್ ಎಲ್ಲೋ ಕಡಿದಿದೆ. ಫೇಸು ಆನ್ ಆಗಿರುವ ಯಾವುದೋ ಬಲ್ಬಿನ ಮೂಲಕ ಹಾದು, ವಾಪಸ್ ಹೋಗಲು ದಾರಿಯಿಲ್ಲದೆ ನ್ಯೂಟ್ರಲ್ ವೈರಿನಲ್ಲೇ ಬೀಡುಬಿಟ್ಟಿದೆ. ಟೆಸ್ಟ್ ಲ್ಯಾಂಪಿನ ಒಂದು ತುದಿ ಫೇಸಿಗೆ, ಇನ್ನೊಂದು ನ್ಯೂಟ್ರಲ್‌ಗೆ ಇಟ್ಟರೆ ಉರಿಯದು. ಎರಡನೆಯದನ್ನು ಅರ್ಥಿಂಗಿಗೆ ಇಟ್ಟರೆ ಉರಿಯುತ್ತದೆ. ಅದೂ ಅರ್ಥಿಂಗ್ ಇದ್ದರೆ. ಇದ್ದಲು, ಉಪ್ಪು ಪದರಪದರವಾಗಿ ತುಂಬಿ ಪೈಪು ನಿಲ್ಲಿಸಿದ ಗುಂಡಿಗೆ ಬೇಸಿಗೆಯಲ್ಲಿ ತುಳಸಿಕಟ್ಟೆಗೆ ಎರೆದಂತೆ ನೀರು ಎರೆಯಬೇಕೆಂದು ಎಷ್ಟು ಸಲ ಹೇಳಿದರೂ, ಗೃಹಸ್ಥರು ಅದರ ಮೇಲೆ ಟೈಲ್ಸ್ ಹಾಸಿ ಬೈಕ್ ನಿಲ್ಲಿಸಿರುತ್ತಾರೆ.

ಕೀರ್ತಿಯ ವಿಚಾರ ಬೇರೆ. ಅದು ವಿದ್ಯೆಯ ಆಳಕ್ಕೆ ತಕ್ಕಂತೆ ಬರುವುದಿಲ್ಲ. ನ್ಯೂಟ್ರಲ್ ಹುಡುಕಲು ಅರ್ಧ ದಿನ ಬೆವರಿಳಿಸಿದವನಿಗೆ ‘ಇಷ್ಟೊತ್ತು ಬೇಕಾ?’ ಎಂಬ ಪ್ರಶ್ನೆ ಸಿಗುತ್ತದೆ. ಕುಂಟುತ್ತಿದ್ದ ಸೀಲಿಂಗ್ ಫ್ಯಾನಿಗೆ 2.5 ಮೈಕ್ರೋಫ್ಯಾರಡ್‌ನ ಹೊಸ ಕೆಪಾಸಿಟರ್ ಹಾಕಿ ಹತ್ತು ನಿಮಿಷದಲ್ಲಿ ಗಿರ್ರನೆ ತಿರುಗಿಸಿದವನಿಗೆ ಕಾಫಿ, ಜೊತೆಗೆ ‘ಹಾಗೇ ಗೀಸರ್ರೂ ಒಂಚೂರು ನೋಡ್ಬಿಡಪ್ಪ’ ಎಂಬ ಬಿರುದು.

ಶಿಷ್ಯತ್ವ ಮುಗಿಯುವುದು ಯಾವಾಗ? ಸರ್ಕಾರಕ್ಕೆ ಕೇಳಿದರೆ ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್ ತೋರಿಸುತ್ತದೆ. ಸಂಪ್ರದಾಯದ ಗಡಿ ಇನ್ನೊಂದು. ಹುಡುಗ ಮೊದಲ ಬಾರಿಗೆ ಒಬ್ಬನೇ ಒಂದು ಮನೆಗೆ ಹೋಗಿ, ಬೋರ್ಡಿನ ನಾಲ್ಕೂ ಸ್ಕ್ರೂ ಬಿಚ್ಚಿ, ಒಳಗಿನ ಗೋಜಲನ್ನು ದಿಟ್ಟಿಸಿ, ನಾಲಿಗೆ ಲೊಚಗುಟ್ಟಿ, ‘ಯಾರ್ ಸಾರ್ ಇದನ್ನ ಮಾಡಿದ್ದು?’ ಎಂದು ಕೇಳಿದ ಕ್ಷಣದಲ್ಲಿ ಪೂರ್ಣಪ್ರಮಾಣದ ಎಲೆಕ್ಟ್ರಿಷಿಯನ್ ಆಗುತ್ತಾನೆ ಎಂದು ಹಿರಿಯರ ಮತ. ಈ ವಾಕ್ಯವಿಲ್ಲದೆ ಯಾವ ರಿಪೇರಿಯೂ ಆರಂಭವಾದ ದಾಖಲೆಯಿಲ್ಲ. ಆದರೆ ಉಚ್ಚರಿಸುವ ಮುನ್ನ ಜಾಯಿಂಟುಗಳನ್ನು ಸುತ್ತಿರುವ ರೀತಿಯನ್ನು ಒಮ್ಮೆ ನೋಡಿಕೊಳ್ಳುವುದು ಕ್ಷೇಮ. ಮನೆಯೊಡೆಯರು ಪೇಪರಿನಿಂದ ತಲೆಯೆತ್ತದೆ ಉತ್ತರಿಸಿಯಾರು:

‘ನಿಮ್ಮ ಮೇಸ್ತ್ರಿನೇ ಕಣಪ್ಪ, ಹೋದ ವರ್ಷ. ನೀನೇ ಅಲ್ವಾ ಏಣಿ ಹಿಡ್ಕೊಂಡಿದ್ದೆ?’