ಎಂಟು ಗಂಟೆಯ ಸುಖನಿದ್ರೆ

1948ರ ಕಾರ್ಖಾನೆ ಕಾಯ್ದೆ ಬರೆದವರು ದೂರದೃಷ್ಟಿಯವರು. ದಿನ ಎಂದರೆ ನಡುರಾತ್ರಿಗೆ ಶುರುವಾಗುವ 24 ಗಂಟೆ ಎಂದು ಅದರಲ್ಲಿ ಬರೆದಿಟ್ಟರು. ಪಂಚಾಂಗದವರು ಸೂರ್ಯೋದಯಕ್ಕೆ ಕಾದು ಕೂರಬಹುದು. ಕಾರ್ಖಾನೆಗೆ ಅಷ್ಟು ಪುರುಸೊತ್ತೆಲ್ಲಿ?

ಈ ಲೆಕ್ಕದ ಚೆಂದ ಕಾಣುವುದು ಪೀಣ್ಯದಲ್ಲಿ ಸೆಕೆಂಡ್ ಶಿಫ್ಟ್ ಬಿಡುವ ಹೊತ್ತಿಗೆ. ರಾತ್ರಿ ಹತ್ತಕ್ಕೆ ಹೊರಬಿದ್ದವನನ್ನು ಸೂಪರ್‌ವೈಸರ್ ಗೇಟಿನಲ್ಲೇ ಹಿಡಿಯುತ್ತಾನೆ. "ನಾಳೆ ಒಬ್ಬ ಬರ್ತಿಲ್ಲ ಕಣಪ್ಪ, ಫಸ್ಟ್ ಶಿಫ್ಟಿಗೆ ಬಂದ್ಬಿಡು." ಇವತ್ತು ಎಂಟು ಗಂಟೆ ದುಡಿತ, ನಾಳೆ ಆರಕ್ಕೆ ಪಂಚ್ ಮಾಡಿ ಮತ್ತೆ ಎಂಟು ಗಂಟೆ. ಮಧ್ಯೆ ಹನ್ನೆರಡು ಹೊಡೆದು ದಿನವೇ ಬದಲಾಯಿತಲ್ಲ, ಇನ್‌ಸ್ಪೆಕ್ಟರು ಭೂತಗನ್ನಡಿ ಹಿಡಿದು ಬಂದರೂ ರಿಜಿಸ್ಟರಿನಲ್ಲಿ ತಪ್ಪು ಸಿಗದು.

ಎಂಟು ಗಂಟೆ ವಿಶ್ರಾಂತಿಯೂ ಸಿಕ್ಕಿತಲ್ಲ ಎನ್ನುತ್ತೀರಿ. ಸಿಕ್ಕೇ ಸಿಕ್ಕಿತು. ಮೊದಲು ಬಸ್ ಸ್ಟಾಪಿನಲ್ಲಿ ನಿಂತು ವಿಶ್ರಾಂತಿ. ಆಮೇಲೆ ಬಸ್ಸಿನ ರಾಡಿಗೆ ನೇತುಬಿದ್ದು ನೆಲಮಂಗಲದ ತನಕ ವಿಶ್ರಾಂತಿ. ತಣ್ಣಗಾದ ಮುದ್ದೆ ಮುರಿಯುವಷ್ಟರಲ್ಲಿ ಕಾಯ್ದೆಯ ಹೊಸ ದಿನ ಹುಟ್ಟಿರುತ್ತದೆ. ನಾಲ್ಕೂಕಾಲಿಗೆ ಅಲಾರಂ, ನಲ್ಲಿಯಲ್ಲಿ ನೀರು ಬರುವ ದಿನವಾದರೆ ಮೂರೂವರೆಗೇ. ಉಳಿದಿದ್ದೆಲ್ಲ ನಿದ್ದೆ.

ಹೆಂಗಸರ ವಿಷಯದಲ್ಲಿ ಆ ಕಾಯ್ದೆ ಕೊಂಚ ಕರುಣೆ ತೋರಿತ್ತು. ವಾರದ ರಜೆಯೋ ಬೇರೆ ರಜೆಯೋ ಕಳೆದ ಮೇಲೆಯೇ ಅವರ ಪಾಳಿ ಬದಲಿಸಬೇಕು ಎಂದಿತ್ತು. ಗಂಡಸಿಗೆ ನಿದ್ದೆ ಬರುತ್ತದೆ ಎಂದು ಯಾರೂ ದೂರು ಕೊಟ್ಟಿರಲಿಕ್ಕಿಲ್ಲ.

ಬಸ್ಸು-ಲಾರಿಯವರದು ಬೇರೆ ಕತೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, ಒಂದು ದಿನದ ಡ್ಯೂಟಿ ಮುಗಿದು ಮರುದಿನದ್ದು ಶುರುವಾಗುವ ನಡುವೆ ಸತತ 9 ಗಂಟೆ ಬಿಡುವು ಇರಲೇಬೇಕು ಎಂದಿತು. ಅಂದರೆ ಇಂಥ ಸಾಲೊಂದನ್ನು ಬರೆಯಲು ನಮ್ಮವರಿಗೆ ಬರುತ್ತದೆ! ಡ್ರೈವರ್ ತೂಕಡಿಸಿದರೆ ಹಿಂದೆ ಐವತ್ತು ಜನ ಕೂತಿರುತ್ತಾರೆ, ಅವರಲ್ಲೊಬ್ಬ ಶಾಸಕರ ಪಿ.ಎ. ಆಗಿದ್ದರೂ ಆಗಿರಬಹುದು. ಪವರ್ ಪ್ರೆಸ್ ಮುಂದೆ ತೂಕಡಿಸಿದವನ ಬೆರಳು ಮಾತ್ರ ಅವನ ಸ್ವಂತ ಆಸ್ತಿ. ಅದರಲ್ಲಿ ಸರ್ಕಾರ ತಲೆಹಾಕುವುದು ಸಭ್ಯತೆಯಲ್ಲ. ಯುರೋಪಿನ ಒಕ್ಕೂಟದವರು ಇದನ್ನರಿಯದೆ ಕೆಲಸಗಾರರಿಗೆ ದಿನಕ್ಕೆ ಸತತ 11 ಗಂಟೆ ಬಿಡುವು ಎಂದು ಬರೆದುಕೊಂಡಿದ್ದಾರೆ. ಚಳಿ ದೇಶ, ಪಾಪ, ಹೊದ್ದು ಮಲಗದೆ ಇನ್ನೇನು ಮಾಡಿಯಾರು?

ನಾವೂ ಸುಮ್ಮನೆ ಕೂತಿಲ್ಲ. 2023ರಲ್ಲಿ ಕರ್ನಾಟಕವು ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಿತು. ವಾರಕ್ಕೆ 48 ಗಂಟೆಯ ಮಿತಿಯನ್ನು ಮುಟ್ಟದೆ ದಿನದ ದುಡಿತ 12 ಗಂಟೆವರೆಗೆ ಹಿಗ್ಗಬಹುದು ಎಂದಿತು. 5 ಗಂಟೆಗೊಮ್ಮೆ ಕೊಡಬೇಕಿದ್ದ ಅರ್ಧ ಗಂಟೆ ಬಿಡುವನ್ನು 6 ಗಂಟೆಗೆ ದೂಡಲೂಬಹುದು ಎಂದಿತು. ಹನ್ನೆರಡು ಗಂಟೆ ದುಡಿಸಲು ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕು ಎಂದೂ ಇತ್ತು, ಬಲವಂತ ಎಂಬ ಮಾತೇ ಇಲ್ಲ. ಸೇರಿದ ದಿನ ಪಿ.ಎಫ್. ಫಾರಂ, ಬ್ಯಾಂಕ್ ಫಾರಂ ನಡುವೆ ಸೇರಿಕೊಂಡು ಬರುವ ಇನ್ನೊಂದು ಹಾಳೆ ಅದು. ಪೆನ್ಸಿಲಿನಲ್ಲಿ ಇಂಟು ಮಾರ್ಕ್ ಹಾಕಿದ ಕಡೆಯಲ್ಲೆಲ್ಲ ಸಹಿ ಮಾಡುತ್ತಾ ಹೋದರೆ ಒಪ್ಪಿಗೆ ಆದಂತೆ. ಒಪ್ಪದವನಿಗೂ ಯಾರೂ ಏನೂ ಅನ್ನುವುದಿಲ್ಲ. ಗೇಟಿನಾಚೆ ಒಪ್ಪುವವರ ಸಾಲು ಕಾಣುವಂತೆ ಕಿಟಕಿ ತೆರೆದಿಟ್ಟರಾಯಿತು.

ಆಮೇಲೆ ದೊಡ್ಡವರ ಉಪದೇಶ ಶುರುವಾಯಿತು. ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ದುಡಿಯಿರಿ ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಸುಬ್ರಹ್ಮಣ್ಯನ್ 90ಕ್ಕೆ ಏರಿಸಿ, ಭಾನುವಾರ ಮನೆಯಲ್ಲಿ ಕೂತು ಎಷ್ಟು ಹೊತ್ತು ಹೆಂಡತಿಯ ಮುಖ ನೋಡುತ್ತೀರಿ ಎಂದು ಕೇಳಿದರು. ನೆಲಮಂಗಲದವನಿಗೆ ಈ ಪ್ರಶ್ನೆಯೇ ಅರ್ಥವಾಗಲಿಲ್ಲವಂತೆ. ಅವನ ಹೆಂಡತಿ ಗಾರ್ಮೆಂಟ್ಸಿನಲ್ಲಿ ಜನರಲ್ ಶಿಫ್ಟು. ಇವನು ಬರುವಾಗ ಆಕೆ ಮಲಗಿರುತ್ತಾಳೆ, ಆಕೆ ಹೊರಡುವಾಗ ಇವನು. ಭಾನುವಾರವೊಂದು ಉಳಿದಿತ್ತು, ಈ ವಾರ ಆಕೆಯ ಲೈನಿನ ಟಾರ್ಗೆಟ್ ಮುಗಿಯದೆ ಓಟಿ ಹಾಕಿದ್ದಾರೆ.