ಐದು ಜಾಗ, ಎರಡು ಮಕ್ಕಳು, ಒಂದು ಭಾನುವಾರ

ಏನಮ್ಮ, ಬೆಳಿಗ್ಗೆ ಬೆಳಿಗ್ಗೆನೇ ಚೀಟಿ ಹಿಡ್ಕೊಂಡು ಕಾಂಪೌಂಡ್ ಹತ್ರ ನಿಂತಿದೀಯ, ದಿನಸಿ ಪಟ್ಟೀನಾ? ಓಹೋ, ನಾದಿನಿ ಬರ್ತಿದಾಳಾ! ಶನಿವಾರ ರಾತ್ರಿನೇ? ಮಕ್ಕಳಿಬ್ಬರೂ ಬರ್ತಾರಾ? ಒಳ್ಳೇದಾಯ್ತು ಬಿಡು. ಬೇಸಿಗೆ ರಜ ಬಂತು ಅಂದ್ರೆ ಬೆಂಗಳೂರಿನ ಮಕ್ಕಳೆಲ್ಲ ಮೈಸೂರಿಗೆ, ಮೈಸೂರಿನ ಮಕ್ಕಳೆಲ್ಲ ಬೆಂಗಳೂರಿಗೆ. ಅವರಿಗೆ ನಮ್ಮ ಝೂ ಬೇಕು, ನಮ್ಮವರಿಗೆ ಅವರ ಮಾಲು ಬೇಕು. ಹೂಂ, ಏನ್ ಬರ್ದಿದೀಯ, ಓದು ನೋಡೋಣ. ನನ್ನ ಕನ್ನಡಕ ಒಳಗಿದೆ.

ಒಂಬತ್ತಕ್ಕೆ ಚಾಮುಂಡಿ ಬೆಟ್ಟ. ಹತ್ತೂವರೆಗೆ ಝೂ. ಹನ್ನೆರಡೂವರೆಗೆ ಕಾರಂಜಿ ಕೆರೆ. ಊಟ ಆದ್ಮೇಲೆ ರಂಗನತಿಟ್ಟು. ಸಂಜೆಗೆ ಬೃಂದಾವನ. ಶಿವನೇ! ಇದು ಮಕ್ಕಳನ್ನ ಸುತ್ತಾಡ್ಸೋದಾ, ಎಲೆಕ್ಷನ್ ಪ್ರಚಾರಾನಾ? ಯಾರು ಬರ್ಕೊಟ್ಟಿದ್ದು, ನಿಮ್ಮನೆಯವರಾ? ಅಂದ್ಕೊಂಡೆ. ಗಂಡಸರಿಗೆ ಊರು ತೋರಿಸೋದು ಅಂದ್ರೆ ಬಾಕಿ ಚುಕ್ತಾ ಮಾಡೋದು. ಎಲ್ಲಾ ಮುಗೀತಾ, ಮುಗೀತು. ಏನು ನೋಡಿದ್ರಿ ಅಂತ ಕೇಳಿದ್ರೆ ಪಾರ್ಕಿಂಗ್ ಎಲ್ಲಿ ಸಿಕ್ತು ಅನ್ನೋದನ್ನ ಹೇಳ್ತಾರೆ.

ನೋಡಮ್ಮ, ನಾನು ಸ್ಕೂಲಲ್ಲಿ ವಿಜ್ಞಾನ ಹೇಳ್ಕೊಟ್ಟೋಳು, ಮಕ್ಕಳನ್ನ ಸಾಲು ನಿಲ್ಲಿಸಿ ಈ ಜಾಗಕ್ಕೆಲ್ಲ ನಡೆಸ್ಕೊಂಡು ಹೋದೋಳು. ಮೊದಲನೇ ಜಾಗದಲ್ಲಿ ಮಕ್ಕಳು ಪ್ರಶ್ನೆ ಕೇಳ್ತಾರೆ. ಎರಡನೇದರಲ್ಲಿ ಐಸ್‌ಕ್ರೀಮ್ ಕೇಳ್ತಾರೆ. ಮೂರನೇದರಲ್ಲಿ ಮನೆಗೆ ಯಾವಾಗ ಹೋಗೋದು ಅಂತಾರೆ. ನಾಲ್ಕು, ಐದು ನಿಮ್ಮನೆಯವರೊಬ್ಬರೇ ನೋಡ್ಬೇಕು, ಹೆಗಲ ಮೇಲೊಂದು ನಿದ್ದೆ ಹೋದ ಕೂಸು ಹಾಕ್ಕೊಂಡು. ದಿನಕ್ಕೆ ಒಂದೇ ಜಾಗ ಸಾಕು. ಅವರು ಎಷ್ಟು ದಿನ ಇರ್ತಾರೆ? ಬುಧವಾರದ ತನಕ? ಮತ್ತೆ ಇನ್ನೇನು! ಭಾನುವಾರ ಒಂದನ್ನೇ ಹಿಡ್ಕೊಂಡು ಯಾಕೆ ಹಿಂಡ್ತೀರಿ?

ಝೂ ವಿಷಯ ತಗೋ. 157 ಎಕರೆ ಅದು. 1892ರಲ್ಲಿ ಚಾಮರಾಜೇಂದ್ರ ಒಡೆಯರು ಶುರು ಮಾಡಿದ್ದು. ಹತ್ತೂವರೆಗೆ ಒಳಗೆ ಹೋಗಿ ಹನ್ನೆರಡೂವರೆಗೆ ಹೊರಗೆ ಬರ್ತೀವಿ ಅಂದ್ರೆ ಪ್ರಾಣಿಗಳ ಮುಂದೆ ಓಡ್ಕೊಂಡು ಹೋಗ್ಬೇಕು. ಪಾಪ ಅವಕ್ಕಾದ್ರೂ ಏನನ್ಸುತ್ತೆ! ಅದೂ ಏಪ್ರಿಲ್ ಬಿಸಿಲಲ್ಲಿ ಹನ್ನೊಂದು ಗಂಟೆಗೆ ಹುಲಿ ಎಲ್ಲಿರುತ್ತೆ ಹೇಳು. ನೆರಳಲ್ಲಿ ಬೆನ್ನು ತೋರಿಸ್ಕೊಂಡು ಮಲಗಿರುತ್ತೆ. ನೂರು ಜನ ಕಂಬಿ ಹಿಡ್ಕೊಂಡು 'ಏಳು, ಏಳು' ಅಂತ ಕೂಗ್ತಿರ್ತಾರೆ. ಹೋಗೋದಾದ್ರೆ ಎಂಟೂವರೆಗೆ ಗೇಟ್ ತೆಗೆಯೋ ಹೊತ್ತಿಗೇ ಹೋಗ್ಬೇಕು. ಸೋಮವಾರ ಹೋಗಿ, ಭಾನುವಾರದ ಜಾತ್ರೆ ಇರಲ್ಲ. ಮಂಗಳವಾರ ಸಾಮಾನ್ಯವಾಗಿ ರಜ, ಬೇಸಿಗೇಲಿ ಒಮ್ಮೊಮ್ಮೆ ತೆಗೆದಿರ್ತಾರೆ, ವಿಚಾರಿಸ್ಕೋ. ಪ್ಲಾಸ್ಟಿಕ್ ಕವರ್ ಒಯ್ಯಬೇಡ, ಬಾಗಿಲಲ್ಲೇ ಬ್ಯಾಗ್ ನೋಡ್ತಾರೆ. ಸ್ಟೀಲ್ ಡಬ್ಬಿ, ಸ್ಟೀಲ್ ಬಾಟಲಿ.

ಆಮೇಲೆ ಇನ್ನೊಂದು. ಎಲ್ಲಾ ಪ್ರಾಣೀನೂ ನೋಡ್ಲೇಬೇಕು ಅಂತ ಹಟ ಹಿಡೀಬೇಡಿ. ಜಿರಾಫೆ ಮುಂದೆ ಮಗು ನಿಂತ್ರೆ ನಿಲ್ಲಲಿ. ಅದರ ನಾಲಿಗೆ ಒಂದೂವರೆ ಅಡಿ ಹತ್ರ ಇರುತ್ತೆ, ಕಪ್ಪು ಬಣ್ಣ, ಎಲೆಗೆ ಸುತ್ತಿ ಸರ್ರನೆ ಎಳ್ಕೊಳ್ಳುತ್ತೆ. ಅದನ್ನ ನೋಡಿದ ಮಗು ಮನೆಗೆ ಬಂದು ತಾನೂ ನಾಲಿಗೇಲಿ ಚಪಾತಿ ಎಳೆಯೋಕೆ ನೋಡ್ಬೇಕು, ಆಗ ಹೋಗಿದ್ದಕ್ಕೆ ಸಾರ್ಥಕ. ಗೊರಿಲ್ಲಾಗಳಿವೆ, ಅಣ್ಣ ತಮ್ಮ, 2021ರಲ್ಲಿ ಜರ್ಮನಿಯಿಂದ ಬಂದಿದ್ದು. ನಿಮ್ಮ ನಾದಿನಿ ಮಕ್ಕಳೂ ಅಣ್ಣ ತಮ್ಮಂದಿರೇ ಅಲ್ವ? ಅಲ್ಲಿ ಒಂದಷ್ಟು ಹೊತ್ತು ಕೂರ್ಸು, ಯಾರನ್ನ ನೋಡಿ ಯಾರು ಕಲೀತಾರೋ ನೋಡೋಣ.

ಏನಂದೆ? ಬೆಟ್ಟ ಬಿಡೋಕಾಗಲ್ವಾ? ತಾಯಿ ದರ್ಶನ ಅಂತ ಅತ್ತೆ ಹೇಳಿದಾರಾ? ಹಾಗಾದ್ರೆ ಅದನ್ನ ಬೇರೆ ದಿನ ಬೆಳಕು ಹರಿಯೋ ಹೊತ್ತಿಗೇ ಇಟ್ಕೋ. ಮೆಟ್ಟಿಲು ಸಾವಿರ ಅಂತಾರೆ. ಮಕ್ಕಳು ಕೆಳಗಿಂದ ಹತ್ತಲ್ಲ, ಹತ್ತಿದ್ರೂ ನಿಮ್ಮನೆಯವರು ಹತ್ತಲ್ಲ. ಮೇಲೆ ತನಕ ಕಾರಲ್ಲೇ ಹೋಗಿ, ದರ್ಶನ ಮುಗಿಸ್ಕೊಂಡು ಮೆಟ್ಟಿಲಲ್ಲಿ ನಂದಿ ತನಕ ಇಳೀರಿ. ಕೆಳಗಿಂದ ಬರೋವ್ರಿಗೆ ಮುಕ್ಕಾಲು ಪಾಲು ಹತ್ತಿದ ಮೇಲೆ ನಂದಿ ಸಿಗೋದು, ಮೇಲಿಂದ ಇಳಿಯೋವ್ರಿಗೆ ಕಾಲು ಪಾಲು ಅಷ್ಟೆ. ಡ್ರೈವರ್ ಕೆಲಸ ಒಬ್ಬರು ಮಾಡಿ, ಕಾರು ನಂದಿ ಹತ್ರಕ್ಕೇ ಬರುತ್ತೆ. ಕೈಲಿ ಕವರ್ ಕಂಡ್ರೆ ಕೋತಿಗಳು ಬಿಡಲ್ಲ, ಬಾಳೆಹಣ್ಣಿನ ಪ್ರಸಾದ ಬ್ಯಾಗೊಳಗೆ ಸೇರಿಸ್ಬಿಡು.

ರಂಗನತಿಟ್ಟು ಮಾತ್ರ ಊಟ ಆದ್ಮೇಲೆ ಅಂತ ಬರ್ದಿದೀರಲ್ಲ, ಅದಕ್ಕೆ ನನಗೆ ಸಿಟ್ಟು. ಇಷ್ಟರಲ್ಲಿ ಒಂದೇ ಒಂದು ಜಾಗ ನೋಡು ಅಂದ್ರೆ ನಾನು ಅದನ್ನೇ ಹೇಳೋದು. ಕಂಠೀರವ ನರಸರಾಜ ಒಡೆಯರು 1645ರಿಂದ 48ರ ಸುಮಾರಿಗೆ ಕಾವೇರಿಗೆ ಅಡ್ಡ ಕಟ್ಟೆ ಹಾಕಿಸಿದ್ರು. ನೀರು ಏರಿ ನದಿ ನಡುವೆ ತಿಟ್ಟುಗಳು ಉಳ್ಕೊಂಡವು. ಅವತ್ತು ಯಾರೂ ಹಕ್ಕಿಗೋಸ್ಕರ ಮಾಡಿದ್ದಲ್ಲ ನೋಡು. ಸುತ್ತ ನೀರು, ನಾಯಿ ನರಿ ಬರಲ್ಲ, ಕೊಕ್ಕರೆಗಳು ಬಂದು ಗೂಡು ಕಟ್ಟಿದ್ವು. ಪಕ್ಷಿತಜ್ಞ ಸಲೀಂ ಅಲಿ ಬಂದು ನೋಡಿ ಮಹಾರಾಜರಿಗೆ ಹೇಳಿದ್ಮೇಲೆ 1940ರಲ್ಲಿ ಪಕ್ಷಿಧಾಮ ಅಂತಾಯ್ತು. 2022ರಲ್ಲಿ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರ್ತು, ಕರ್ನಾಟಕದಿಂದ ಮೊದಲನೇದು. ಅಷ್ಟು ದೊಡ್ಡ ಹೆಸರಿನ ಜಾಗ ಇರೋದು ಬರೀ ನಲವತ್ತು ಎಕರೆ. ಝೂನ ಕಾಲು ಭಾಗ. ಮಕ್ಕಳ ಕಾಲಿಗೆ ಹೇಳಿ ಮಾಡಿಸಿದ ಅಳತೆ.

ಮಕ್ಕಳಿಗೆ ಈ ಇಸವಿಗಳನ್ನೆಲ್ಲ ಹೇಳ್ಬೇಡ ಮತ್ತೆ. ನಾನು ಹೇಳಿ ಹೇಳಿ ನೋಡಿದೀನಿ, ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತಾರೆ. ಮಕ್ಕಳಿಗೆ ಏನು ಹೇಳ್ಬೇಕು ಗೊತ್ತಾ? ಹತ್ರ ಬಾ, ನಿಮ್ಮತ್ತೆ ಕೇಳಿಸ್ಕೊಂಡಾರು. ಕಕ್ಕ. ನಗಬೇಡ, ನಿಜವಾಗ್ಲೂ. ಬಣ್ಣದ ಕೊಕ್ಕರೆ ಇರುತ್ತಲ್ಲ, ರೆಕ್ಕೇಲಿ ಬಾಲದ ಹತ್ರ ಗುಲಾಬಿ ಬಣ್ಣ ಬಳ್ಕೊಂಡಿರುತ್ತೆ, ಅದು ಬಿಸಿಲು ಜಾಸ್ತಿ ಆದ್ರೆ ತನ್ನ ಕಾಲ ಮೇಲೆ ತಾನೇ ಹಿಕ್ಕೆ ಹಾಕ್ಕೊಳ್ಳುತ್ತೆ. ಆ ತೇವ ಆರುವಾಗ ಕಾಲು ತಣ್ಣಗಾಗುತ್ತೆ. ಕಾಲು ಬೆಳ್ಳಗೆ ಸುಣ್ಣ ಬಳಿದ ಹಾಗೆ ಕಾಣ್ಸಿದ್ರೆ ಅದೇ. ಇದನ್ನೊಂದು ಹೇಳಿ ನೋಡು, ಆಮೇಲೆ ಇಬ್ಬರೂ ದೋಣೀಲಿ ಕೂತು ಹಕ್ಕಿ ಬಿಟ್ಟು ಬೇರೆ ಏನಾದ್ರೂ ನೋಡ್ತಾರಾ ಅಂತ. ಎಲ್ಲಾ ಕೊಕ್ಕರೆ ಕಾಲನ್ನೂ ಪರೀಕ್ಷೆ ಮಾಡ್ತಾರೆ. ಹಾಗೆ ನೋಡ್ತಾ ನೋಡ್ತಾನೇ ಮಿಕ್ಕಿದ್ದೂ ಕಣ್ಣಿಗೆ ಬೀಳೋದು. ತಾಯಿ ಕೊಕ್ಕರೆ ಗೂಡಿನ ಮೇಲೆ ಅಗಲಕ್ಕೆ ರೆಕ್ಕೆ ಬಿಚ್ಕೊಂಡು ಯಾಕೆ ನಿಂತಿದೆ? ಕೆಳಗೆ ಮರಿ ಇದೆ, ನೆರಳು ಹಿಡೀತಿದೆ. ಬಾಯಿಕಳಕ ಕೊಕ್ಕರೆ ಕೊಕ್ಕು ಮುಚ್ಚಿದ್ರೂ ನಡುವೆ ಸಂದು ಯಾಕಿದೆ? ಅದು ಬಸವನಹುಳು ತಿನ್ನೋ ಹಕ್ಕಿ, ಚಿಪ್ಪಿಂದ ಹುಳ ಬಿಡಿಸೋಕೆ ಆ ಕೊಕ್ಕು. ಚಮಚಕೊಕ್ಕು ನೀರಲ್ಲಿ ಆ ಕಡೆ ಈ ಕಡೆ ಕೊಕ್ಕು ಆಡಿಸ್ತಾ ಹೋಗೋದನ್ನ ನೋಡಿದ್ರೆ ನಮ್ಮ ಚಿಕ್ಕೋನು ಪಾಯಸದ ಬಟ್ಟಲಲ್ಲಿ ಹಾಗೇ ಮಾಡ್ತಾನೆ ಅಂತ ನೀನೇ ಹೇಳ್ತೀಯ.

ಬಾವಲಿಗಳೂ ಇವೆ, ಮರದ ತುಂಬ. ದೊಡ್ಡ ಜಾತಿದು, ಹಣ್ಣು ತಿನ್ನೋವು. ಚಿಕ್ಕ ಮಕ್ಕಳು ಒಂದು ಪ್ರಶ್ನೆ ಕೇಳೇ ಕೇಳ್ತಾರೆ: ಅಜ್ಜಿ, ತಲೆಕೆಳಗಾಗಿ ನೇತಾಡ್ತಾ ಅವು ಕಕ್ಕ ಹೇಗೆ ಮಾಡ್ತವೆ? ಉತ್ತರ ಗೊತ್ತಿರಲಿ ನಿಂಗೆ. ರೆಕ್ಕೆ ಮೇಲಿರೋ ಹೆಬ್ಬೆರಳಿನ ಉಗುರಿಂದ ಕೊಂಬೆ ಹಿಡ್ಕೊಂಡು, ಕಾಲು ಕೆಳಗೆ ಬಿಟ್ಟು, ನೆಟ್ಟಗಾಗಿ ಕೆಲಸ ಮುಗಿಸಿ ಮತ್ತೆ ತಲೆಕೆಳಗಾಗ್ತವೆ. ನಮ್ಮ ಕ್ಲಾಸಲ್ಲಿ ಹಿಂದಿನ ಬೆಂಚಿನ ಹುಡುಗರು ನೋಟ್ಸ್ ಬರ್ಕೊಂಡ ಪಾಠ ಅಂದ್ರೆ ಅದೊಂದೇ.

ಇನ್ನು ಮೊಸಳೆ. ಬಂಡೆ ಮೇಲೆ ಬಾಯಿ ಬಿಟ್ಕೊಂಡು ಅಲ್ಲಾಡದೆ ಬಿದ್ದಿರುತ್ತೆ. ದೋಣೀಲಿ ಯಾವುದಾದ್ರೂ ಒಂದು ಮಗು 'ಅದು ಬೊಂಬೆ' ಅಂದೇ ಅನ್ನುತ್ತೆ, ಅಂಥ ಹೊತ್ತಲ್ಲಿ ಅದು ಜಾರಿ ನೀರಿಗಿಳಿದ್ರೆ ಅಪ್ಪಂದಿರ ಮುಖ ನೋಡ್ಬೇಕು ನೀನು! ಬಾಯಿ ಬಿಟ್ಟಿರೋದು ಸಿಟ್ಟಿಗಲ್ಲ, ಮೈ ಕಾವು ಇಳಿಸ್ಕೊಳ್ಳೋಕೆ. ದೋಣಿಯಿಂದ ಕೈ ಹೊರಗೆ ಹಾಕಬೇಡಿ ಅಂತ ಹುಟ್ಟು ಹಾಕೋವ್ರು ಹೇಳ್ತಾರಲ್ಲ, ಅದು ಸುಮ್ನೆ ಹೇಳೋ ಮಾತಲ್ಲ. ಆ ದೋಣಿಯವರಿದಾರಲ್ಲ, ಅವರೇ ಅಲ್ಲಿನ ನಿಜವಾದ ಮೇಷ್ಟ್ರು. ಯಾವ ಮರದಲ್ಲಿ ಯಾವ ಗೂಡು, ಯಾವ ಬಂಡೆ ಮೇಲೆ ನದಿರೀವ ಹಕ್ಕಿ ಮೊಟ್ಟೆ ಇಟ್ಟಿದೆ, ಎಲ್ಲಾ ಬಾಯಲ್ಲಿ. ನೀನು ಮಾತಾಡಬೇಡ, ನಿಮ್ಮನೆಯವರು ಫೋನಲ್ಲಿ ಹೆಸರು ಹುಡುಕೋದೂ ಬೇಡ, ಅವರು ಹೇಳೋದನ್ನ ಕೇಳಿಸ್ಕೊಳ್ಳಿ. ಇದು ಒಳ್ಳೇ ಕಾಲಾನೇ, ಮರಿಗಳಿರ್ತವೆ. ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆ ಗೇಟು ತೆಗೆದು ನೀರು ಬಿಟ್ರೆ ದೋಣಿ ನಿಲ್ಲಿಸ್ಬಿಡ್ತಾರೆ. ಆಗ ದಡದಲ್ಲೇ ನಿಂತು ನೋಡ್ಬೇಕು.

ಬೃಂದಾವನ ಬೇಕೇ ಬೇಕಾ? ಕಾರಂಜಿ, ಬಣ್ಣದ ದೀಪ, ಜನ. ಹೋಗಿ, ಬೇಡ ಅನ್ನಲ್ಲ. ಹೋಗೋದಾದ್ರೆ ಅವತ್ತು ಮಧ್ಯಾಹ್ನ ಮಕ್ಕಳಿಗೆ ನಿದ್ದೆ ಆಗಿರ್ಬೇಕು ಅಷ್ಟೆ.

ಕಾರಂಜಿ ಕೆರೇನ ಝೂ ಜೊತೆ ಸೇರಿಸ್ಬೇಡ. ಎರಡಕ್ಕೂ ಸೇರಿಸಿ ಟಿಕೆಟ್ ಸಿಗುತ್ತೆ ಅಂತ ಆಸೆಪಟ್ಟು ಸೇರಿಸೋವ್ರೇ ಜಾಸ್ತಿ. ಉಳಿಯೋ ದುಡ್ಡಿಗಿಂತ ಮಕ್ಕಳ ಅಳು ಹೆಚ್ಚು. ಕಾರಂಜೀಲಿ ದೊಡ್ಡ ಪಂಜರ ಇದೆ, ನಾವೇ ಅದರೊಳಗೆ ನಡ್ಕೊಂಡು ಹೋಗೋದು, ಹಕ್ಕಿಗಳು ತಲೆ ಮೇಲೆ ಓಡಾಡ್ತವೆ. ಬಲೆ ಒಳಗೆ ನಾವು ಬಂದಿರೋದು ಅಂತ ಮಕ್ಕಳಿಗೆ ಭಾರಿ ಖುಷಿ. ಚಿಟ್ಟೆ ತೋಟಾನೂ ಇದೆ. ಮಳೆ ಬಂದ್ರೆ, ತೀರ ಬಿಸಿಲು ಅನ್ಸಿದ್ರೆ, ಅದೇ ಕೆರೆ ದಂಡೇಲಿ ಪ್ರಾಕೃತಿಕ ವಿಜ್ಞಾನದ ವಸ್ತುಸಂಗ್ರಹಾಲಯ ಇದೆ. ಮೈಸೂರಿನವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ ಅದು. ನಾವು ಸ್ಕೂಲ್ ಮಕ್ಕಳನ್ನ ಅಲ್ಲಿಗೆ ಕರ್ಕೊಂಡು ಹೋಗ್ತಿದ್ವಿ, ಮುಟ್ಟಿ ನೋಡೋಕೆ ಬಿಡೋ ಸಾಮಾನುಗಳಿರ್ತಿದ್ವು. ಮಕ್ಕಳಿಗೆ ಮುಟ್ಟೋಕೆ ಬಿಡೋ ಜಾಗ ಎಷ್ಟಿವೆ ಹೇಳು? ನಮ್ಮ ಬಡಾವಣೆ ಪಾರ್ಕನ್ನೇ ನೋಡು. ಹುಲ್ಲಿನ ಮೇಲೆ ನಡೀಬೇಡಿ, ಹೂವು ಕೀಳಬೇಡಿ, ಚೆಂಡಾಡಬೇಡಿ, ಸೈಕಲ್ ತರಬೇಡಿ. ಬೋರ್ಡ್ ಓದೋಕೆ ಬರೋ ಮಕ್ಕಳು ಒಳಗೆ ಬರಬಾರ್ದು ಅನ್ನೋ ಹಾಗಿದೆ. ಅಲ್ಲಿ ಆಡ್ತಿರೋದು ಅಕ್ಷರ ಬಾರದ ಮಕ್ಕಳು ಮಾತ್ರ.

ದುಡ್ಡೇ ಬೇಡ ಅಂದ್ರೆ ಕುಕ್ಕರಹಳ್ಳಿ ಕೆರೆ ಇದೆಯಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, 1864. ಕುವೆಂಪು ಅಲ್ಲೇ ಓಡಾಡ್ತಿದ್ದಿದ್ದು. ಹೆಜ್ಜಾರ್ಲೆಗಳು ನೀರ ಮೇಲೆ ತೇಲ್ತಿರ್ತವೆ. ಏರಿ ಮೇಲೆ ಬೆಳಿಗ್ಗೆ ವಾಕಿಂಗ್‌ನವರ ಕಾಟ ಜಾಸ್ತಿ, ಷುಗರ್ ಲೆಕ್ಕ ಹೇಳ್ಕೊಂಡು ಬಿರಬಿರನೆ ಬರ್ತಾರೆ, ಮಗು ಇರುವೆ ಸಾಲು ನೋಡೋಕೆ ಕೂತ್ರೆ ಎಡವಿ ಬೀಳ್ತಾರೆ. ನಾಲ್ಕು ಗಂಟೆ ಮೇಲೆ ಹೋಗಿ.

ಹಾಂ, ಅವರು ಬುಧವಾರ ಬೆಂಗಳೂರಿಗೆ ವಾಪಸ್ ಹೋಗೋದು ಕಾರಲ್ಲೇ ತಾನೇ? ಹಾಗಿದ್ರೆ ದಾರೀಲಿ ಮದ್ದೂರು ತಾಲ್ಲೂಕಲ್ಲಿ ಕೊಕ್ಕರೆ ಬೆಳ್ಳೂರಿಗೆ ತಿರುಗ್ಸು ಅಂತ ಹೇಳು ನಾದಿನಿಗೆ. ಟಿಕೆಟ್ ಕೌಂಟರ್ ಇರೋ ಪಾರ್ಕ್ ಅಲ್ಲ ಅದು, ಊರೇ ಪಕ್ಷಿಧಾಮ. ಹುಣಸೆ ಮರದ ತುಂಬ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು. ಕೆಳಗೆ ಹಸು ಕಟ್ಟಿರ್ತಾರೆ, ಪಕ್ಕದಲ್ಲಿ ಪಾತ್ರೆ ತೊಳೀತಿರ್ತಾರೆ. ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಅಂತಾರೆ ಊರವ್ರು ಆ ಹಕ್ಕಿಗಳನ್ನ, ಓಡಿಸಲ್ಲ. 2007ರಲ್ಲಿ ಸರ್ಕಾರದವ್ರು ಸಮುದಾಯ ಮೀಸಲು ಪ್ರದೇಶ ಅಂದ್ರು, ಊರವ್ರು ಅದಕ್ಕೆ ಎಷ್ಟೋ ತಲೆಮಾರು ಮೊದಲೇ ಹಾಗೇ ನಡ್ಕೊಂಡಿದ್ರು. ಮೀನು ವಾಸನೆ ಬರುತ್ತೆ, ತಲೆ ಮೇಲೂ ಬೀಳುತ್ತೆ, ಟೋಪಿ ಹಾಕ್ಕೊಂಡು ಹೋಗ್ಲಿ. ಬಿದ್ದ ಹಿಕ್ಕೆನೂ ದಂಡ ಮಾಡಲ್ಲ ಅವರು, ಗುಡಿಸಿ ಹೊಲಕ್ಕೆ ಗೊಬ್ಬರ ಹಾಕ್ತಾರೆ. ನೋಡು, ಮತ್ತೆ ಅಲ್ಲಿಗೇ ಬಂತು ನನ್ನ ಪಾಠ.

ಸರಿ, ಆ ಚೀಟಿ ಹರಿದು ಹೊಸದು ಬರಿ. ಭಾನುವಾರ ರಂಗನತಿಟ್ಟು ಬಾಗಿಲು ತೆಗೆಯೋ ಹೊತ್ತಿಗೆ. ಸೋಮವಾರ ಝೂ. ಮಂಗಳವಾರ ಬೆಳಿಗ್ಗೆ ಬೆಟ್ಟ, ಸಂಜೆ ಕುಕ್ಕರಹಳ್ಳಿ. ಹೂಂ, ಎರಡಾಯ್ತು, ಗೊತ್ತು, ಮಧ್ಯೆ ನಿದ್ದೆ ಇದೆಯಲ್ಲ. ಬುತ್ತಿಗೆ ಪುಳಿಯೋಗರೆ ಮಾಡು, ಚಿತ್ರಾನ್ನ ಬೇಡ, ಈ ಬಿಸಿಲಿಗೆ ಕಾಯಿ ಹಳಸುತ್ತೆ. ಪುಳಿಯೋಗರೆ ಗೊಜ್ಜು ನಮ್ಮನೇಲಿದೆ, ಕಳಿಸ್ತೀನಿ. ಸೌತೆಕಾಯಿ ಹೆಚ್ಕೊಂಡು ಹೋಗ್ಬೇಡ, ಹಾಗೇ ಒಯ್ದು ಅಲ್ಲಿ ಹೆಚ್ಚು. ಊಟಾನೆಲ್ಲ ಹೊರಗೆ ಮುಗಿಸ್ಕೊಂಡು ಒಳಗೆ ಹೋಗಿ, ಹಕ್ಕಿಗೆ ತಿಂಡಿ ಎಸೆಯೋಕೆ ಮಕ್ಕಳನ್ನ ಬಿಡ್ಬೇಡ. ಬೈನಾಕ್ಯುಲರ್ ನನ್ನ ಹತ್ರ ಇದೆ, ಬಲಗಣ್ಣಿಂದು ಸ್ವಲ್ಪ ಮಬ್ಬು, ಎಡಗಡೆದು ಚೆನ್ನಾಗಿದೆ. ಅದನ್ನ ತಿರುಗಿಸಿ ಸರಿ ಮಾಡೋಕೆ ಒಂದು ಪಟ್ಟು ಇದೆ, ಹೇಳ್ಕೊಟ್ಟು ಬರೋದಲ್ಲ, ಪಕ್ಕದಲ್ಲೇ ಇದ್ದು ತಿರುಗಿಸ್ಬೇಕು.

ಅಂದ ಹಾಗೆ ನಿಮ್ಮ ಕಾರು ಐದು ಸೀಟಿಂದೋ, ಏಳು ಸೀಟಿಂದೋ?