ಯಜಮಾನಿಕೆಯ ಯೋಗ

ದೊಡ್ಡ ಕಂಪನಿಗಳಿಗೆ ಸಂಬಳದ ಲೆಕ್ಕದ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನು ನಾನು. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಮಗಳನ್ನು ನೋಡಿಕೊಳ್ಳಲು ನ್ಯಾನಿ ಬೇಕಾದಾಗ, ಹೆಂಡತಿ ಕಾಗದಪತ್ರದ ಕೆಲಸವನ್ನು ನನಗೆ ಬಿಟ್ಟಿದ್ದು ಅದೇ ಧೈರ್ಯದ ಮೇಲೆ.

ಯುಗಾದಿ ಊಟದಲ್ಲಿ ಗೆಳೆಯನೊಬ್ಬ ಒಬ್ಬಟ್ಟು ಮುರಿಯುತ್ತ ಉಪಾಯ ಹೇಳಿಕೊಟ್ಟ: “ನ್ಯಾನೀನ ಸೆಲ್ಫ್ ಎಂಪ್ಲಾಯ್ಡ್ ಅಂತ ಬರೆಸ್ಕೊ ಮಾರಾಯ. ಆಕೆ ಬಿಲ್ ಕೊಡ್ತಾಳೆ, ನೀನು ದುಡ್ಡು ಕೊಡ್ತೀಯ. ಟ್ಯಾಕ್ಸು ಗೀಕ್ಸು ಎಲ್ಲ ಆಕೆ ಹಣೇಬರಹ.”

ಸಂದರ್ಶನಕ್ಕೆ ಬಂದವಳು ಶಿಶುಪಾಲನೆಯಲ್ಲೇ ಡಿಗ್ರಿ ಮಾಡಿದ ಹುಡುಗಿ. ನನ್ನ ಉಪಾಯ ಕೇಳಿ ನಗುನಗುತ್ತಲೇ ವಿಚಾರಣೆ ಶುರುಮಾಡಿದಳು.

“ಹಾಗಾದ್ರೆ ಎಂಟರ ಬದಲು ಹನ್ನೊಂದಕ್ಕೆ ಬರಬಹುದಾ?”

“ಅಯ್ಯೋ, ಎಂಟೂವರೆಗೆ ನನಗೆ ರೈಲು!”

“ಬೇಜಾರಾದ ದಿನ ನನ್ನ ಬದಲು ಚಿಕ್ಕಪ್ಪನ ಮಗನನ್ನ ಕಳಿಸಲಾ?”

“ಛೆ ಛೆ!”

“ಮಗುವಿಗೆ ಏನು ತಿನ್ನಿಸಬೇಕು ಅಂತ ನಾನೇ ತೀರ್ಮಾನ ಮಾಡಲಾ?”

ಹೆಂಡತಿ ಫ್ರಿಜ್ಜಿಗೆ ಅಂಟಿಸಿದ್ದ ರಾಗಿ ಸರಿಯ ವೇಳಾಪಟ್ಟಿಯ ಕಡೆ ಮೂವರೂ ನೋಡಿದೆವು.

“ಹೊತ್ತು ನಿಮ್ಮದು, ಮನೆ ನಿಮ್ಮದು, ಹೇಳಿದ್ದು ಕೇಳೋಳು ನಾನು. ಅಂದ್ಮೇಲೆ ನಾನು ನೌಕರಳು, ನೀವು ಮಾಲೀಕರು. ಕಾಗದದ ಮೇಲೆ ಏನೇ ಬರ್ಕೊಂಡ್ರೂ ಎಚ್‌ಎಂಆರ್‌ಸಿಯವರು ಒಪ್ಪಲ್ಲ.”

ತೆರಿಗೆ ಇಲಾಖೆಯ ಹೆಸರು ಕೇಳಿದ್ದೇ ಒಬ್ಬಟ್ಟಿನ ಉಪಾಯ ಅಲ್ಲೇ ಜೀರ್ಣವಾಯಿತು. ಆದರೂ ‘ಮಾಲೀಕರು’ ಅನ್ನಿಸಿಕೊಂಡದ್ದು ತಲೆಗೇರಿತ್ತು. ಒಂದನೇ ತಾರೀಖಿಗೆ ಕಾಯುತ್ತ ಬದುಕಿದ ವಂಶ ನಮ್ಮದು. ಆ ಉಬ್ಬಿನಲ್ಲೇ “ವಾರಕ್ಕೆ 600 ಪೌಂಡ್, ಕೈಗೆ” ಅಂದುಬಿಟ್ಟೆ. ಕೈಗೆ ಇಷ್ಟು ಅಂತ ಮಾತಾದರೆ ಆಕೆಯ ಆದಾಯ ತೆರಿಗೆ, ಆಕೆಯ ನ್ಯಾಷನಲ್ ಇನ್ಶೂರೆನ್ಸ್ ಎಲ್ಲ ನನ್ನ ತಲೆಗೆ. ಅದರ ಮೇಲೆ ಆ ಇನ್ಶೂರೆನ್ಸಿಗೆ ಮಾಲೀಕನ ಪಾಲು ಬೇರೆ. 2025ರ ಏಪ್ರಿಲ್‌ನಿಂದ ಅದು ಶೇ. 15. ಕಡೆಗೆ ಆಕೆಯ ಕಾಲೇಜು ಸಾಲದ ಕಂತೂ ನನ್ನ ಜೇಬಿನಿಂದಲೇ. ನನ್ನ ಎಂಜಿನಿಯರಿಂಗ್ ಸಾಲ ತೀರಿಸಿದ್ದು ಅಪ್ಪ. ಪಿತೃಋಣ ಹೀಗೂ ಸಂದಾಯವಾಗುತ್ತದೆಂದು ಯಾವ ಪುರೋಹಿತರೂ ಹೇಳಿರಲಿಲ್ಲ.

ವರ್ಷಕ್ಕೆ 5.6 ವಾರ ಸಂಬಳ ಸಹಿತ ರಜೆ, ಪಿಂಚಣಿಗೆ ವಂತಿಗೆ, ಮೊದಲ ದಿನವೇ ಬರಹದಲ್ಲಿ ಷರತ್ತುಗಳು, ಇವೆಲ್ಲ ಹೇಗೋ ಆದವು. ಮಾಲೀಕನ ಹೊಣೆಯ ವಿಮೆ ಮಾಡಿಸದಿದ್ದರೆ ಮಾತ್ರ ದಿನಕ್ಕೆ 2,500 ಪೌಂಡ್‌ವರೆಗೆ ದಂಡ. ಅದರ ಸರ್ಟಿಫಿಕೇಟು ನೌಕರರ ಕಣ್ಣಿಗೆ ಸಿಗಬೇಕಂತೆ. ಫ್ರೇಮು ಹಾಕಿಸಿ ತಿರುಪತಿ ತಿಮ್ಮಪ್ಪನ ಪಕ್ಕ ತೂಗುಹಾಕಿದೆ. ಅಮ್ಮ ವಿಡಿಯೊ ಕಾಲಿನಲ್ಲಿ ಎರಡಕ್ಕೂ ಕೈ ಮುಗಿದರು.

ಮೊದಲ ಪೇಸ್ಲಿಪ್ಪಿಗೆ ಕೂತೆ. ಸಾವಿರಾರು ಜನರ ಸಂಬಳವನ್ನು ಕಣ್ಣು ಮುಚ್ಚಿ ತೆಗೆಯುವ ನಾನು ಒಬ್ಬಳದನ್ನು ಮುಗಿಸುವಷ್ಟರಲ್ಲಿ ನಡುರಾತ್ರಿ ದಾಟಿತ್ತು. ಬೆಳಗ್ಗೆ ಆಕೆ ಮಗುವಿನ ಮೂಗು ಒರೆಸುತ್ತ ಒಂದು ಕಣ್ಣಲ್ಲಿ ನೋಡಿ, “ಟ್ಯಾಕ್ಸ್ ಕೋಡ್ ತಪ್ಪಿದೆ” ಅಂದಳು. ನಿಜವಾಗಿಯೂ ತಪ್ಪಿತ್ತು. ಈ ಸಂಗತಿ ನಮ್ಮ ಆಫೀಸಿಗೆ ತಿಳಿಯದಿರಲಿ.

ಮೊನ್ನೆ ಆಕೆ ತಾನು ಗರ್ಭಿಣಿಯೆಂದು ತಿಳಿಸಿದಳು. ಹೆರಿಗೆ ರಜೆಯ ಸಂಬಳವನ್ನೂ ಮಾಲೀಕನೇ ಕೊಡಬೇಕು. ಎದೆ ಹಿಡಿದುಕೊಂಡು ನಿಯಮ ಓದಿದರೆ, ನನ್ನಂಥ ಚಿಲ್ಲರೆ ಮಾಲೀಕ 100 ಪೌಂಡ್ ಕೊಟ್ಟರೆ 2025ರ ಲೆಕ್ಕದಲ್ಲಿ ಸರ್ಕಾರ 108.50 ವಾಪಸ್ ಕೊಡುತ್ತದೆ! ಯಜಮಾನಿಕೆಯಲ್ಲಿ ಕಂಡ ಮೊದಲ ಲಾಭ. ತಡೆಯಲಾರದೆ ಊರಿಗೆ ಫೋನು ಮಾಡಿ ಬೀಗಿದೆ.

ಅಮ್ಮ ಪೂರ್ತಿ ಕೇಳಿಸಿಕೊಂಡು, “ಅದೆಲ್ಲ ಇರ್ಲಿ, ಆ ಹುಡುಗಿ ತನ್ನ ಮಗೂನ ನೋಡ್ಕೊಳ್ಳೋಕೆ ಯಾರನ್ನ ಇಟ್ಕೋತಾಳಂತೆ?” ಅಂದರು.